ಕೆಂಪು ನೀರಿನ ಬಾಟಲಿ ಇಳಿಸಿ, ಗಿಡ ನೆಡಿ

ತೋಟಗಾರಿಕೆಯ ಎಪಿಸೋಡ್ ಹೊರಬಂದ ಮೇಲೆ ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್ ಕಡೆಯ ಕೇಳುಗರು ಕಳಿಸಿದ ಮೆಸೇಜುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು. "ನಮ್ಮ ಬ್ಯಾಕ್‌ಯಾರ್ಡಿಗೆ ಹಮ್ಮಿಂಗ್‌ಬರ್ಡ್ ಬರೋ ಹಾಗೆ ಮಾಡೋದು ಹೇಗೆ?" ಎಪಿಸೋಡಿನಲ್ಲಿ ಅದಕ್ಕೆ ಎರಡು ನಿಮಿಷದ ಉತ್ತರ ಕೊಟ್ಟು ಮುಂದೆ ಹೋಗಿದ್ದೆವು. ಇಲ್ಲಿ ಸಮಯದ ಕಟ್ಟುಪಾಡಿಲ್ಲ, ಹಾಗಾಗಿ ಸ್ವಲ್ಪ ಜಗಳ ಆಡೋಣ ಅಂತ ಕೂತಿದ್ದೀನಿ.

ಜಗಳ ಶುರುವಾಗೋದು ಆ ಪ್ರಶ್ನೆಯಿಂದಲೇ. ಹಕ್ಕಿಯನ್ನು "ಬರಿಸೋದು" ಅನ್ನುವಾಗ ನಮ್ಮ ಮನಸ್ಸಲ್ಲಿ ಒಂದು ಚಿತ್ರ ಇರುತ್ತೆ: ಜಾಗ ನಮ್ಮದು, ಹಕ್ಕಿ ಅತಿಥಿ. ಸೊನೋರನ್ ಮರಳುಗಾಡಿನಲ್ಲಿ ಲೆಕ್ಕ ಉಲ್ಟಾ. ಚಾಂಡ್ಲರ್, ಗಿಲ್ಬರ್ಟ್‌ಗಳಲ್ಲಿ ಈಗಿನ ಕಾಲೊನಿಗಳು ಏಳುವ ಮೊದಲು ಹತ್ತಿಯ ಹೊಲ, ಕುದುರೆ ಮಸಾಲೆ ಸೊಪ್ಪಿನ ಹೊಲ ಇದ್ದವು. ಅದಕ್ಕೂ ಮೊದಲು ಮೆಸ್ಕೀಟ್, ಪಾಲೋ ವರ್ಡೆ, ಕ್ರಿಯೊಸೋಟ್ ಬೆಳೆದ ಬಯಲು. ಆ ಬಯಲಿನ ನಿವಾಸಿ ಈ ಹಕ್ಕಿ. ಮನೆ ಕಿತ್ತವರು ನಾವು, ಈಗ ಅದೇ ಜಾಗದಲ್ಲಿ ಹದಿನೈದು ಡಾಲರಿನ ಪ್ಲಾಸ್ಟಿಕ್ ಬಾಟಲಿ ನೇತುಹಾಕಿ "ಬಾರೋ ಬಾರೋ" ಅಂತ ಕರೆಯುತ್ತಿರುವವರೂ ನಾವೇ.

ಯಾವ ಹಕ್ಕಿ ಅಂತ ಮೊದಲು ಸ್ಪಷ್ಟ ಮಾಡ್ಕೊಳ್ಳೋಣ, ಯಾಕಂದ್ರೆ ನಮ್ಮವರಲ್ಲಿ ಇದರ ಗೊಂದಲ ವಿಪರೀತ. ಊರಿನಿಂದ ವಾಟ್ಸಾಪಲ್ಲಿ ಬರುವ "ನಮ್ಮನೆ ದಾಸವಾಳಕ್ಕೆ ಹಮ್ಮಿಂಗ್‌ಬರ್ಡ್ ಬಂದಿದೆ ನೋಡು" ಅನ್ನೋ ಫೋಟೋ ಸೂರಕ್ಕಿಯದು. ಭಾರತದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲವೇ ಇಲ್ಲ. ಆ ಇಡೀ ಕುಟುಂಬ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ಸೂರಕ್ಕಿ ಸಾಮಾನ್ಯವಾಗಿ ಕಡ್ಡಿ ಹಿಡಿದು ಕೂತು ಹೂವಿನ ರಸ ಹೀರುತ್ತೆ, ಇದು ಗಾಳಿಯಲ್ಲೇ ನಿಂತು ಹೀರುತ್ತೆ. ಎರಡಕ್ಕೂ ಹೂವೇ ಆಧಾರ ಅನ್ನೋದು ಬಿಟ್ಟರೆ ನಂಟಸ್ತಿಕೆ ಇಲ್ಲ.

ಇನ್ನು ಫೀನಿಕ್ಸಿನ ಹಿತ್ತಲಲ್ಲಿ ನೀವು ದಿನಾ ನೋಡುವ, ಬೆನ್ನು ಹಸಿರು, ಕತ್ತು ಗುಲಾಬಿ-ಕೆಂಪು ಮಿಂಚುವ ಹಕ್ಕಿ ಬಹುಪಾಲು ಆ್ಯನಾಸ್ ಹಮ್ಮಿಂಗ್‌ಬರ್ಡ್. ನಾನು ಹೇಳ್ತಿರೋದು ಅದಕ್ಕಿಂತ ಚಿಕ್ಕದು: ಕೋಸ್ಟಾಸ್ ಹಮ್ಮಿಂಗ್‌ಬರ್ಡ್. ತೂಕ ಸುಮಾರು 3 ಗ್ರಾಂ. ಗಂಡಿನ ನೆತ್ತಿ, ಗಂಟಲು ಎರಡೂ ನೇರಳೆ. ಗಂಟಲಿನ ಆ ನೇರಳೆ ಎರಡೂ ಬದಿಗೆ ಹುರಿಮೀಸೆಯಂತೆ ಚಾಚಿಕೊಂಡಿರುತ್ತೆ. ಯಕ್ಷಗಾನದ ಬಣ್ಣದ ವೇಷದವರ ಮೀಸೆ ನೆನಪಾದ್ರೆ ತಪ್ಪಿಲ್ಲ. ಬಿಸಿಲಿನ ಕೋನ ಸರಿ ಇಲ್ಲದಿದ್ದರೆ ಅದೇ ಮೀಸೆ ಬರೀ ಕಪ್ಪು, ಯಾಕಂದ್ರೆ ಆ ನೇರಳೆ ಬಣ್ಣದ್ದಲ್ಲ, ಗರಿಯ ರಚನೆಯಲ್ಲಿ ಬೆಳಕು ಒಡೆಯುವುದರಿಂದ ಬರುವಂಥದ್ದು. 1839ರಲ್ಲಿ ಬೂರ್ಸಿಯೇ ಅನ್ನುವ ಫ್ರೆಂಚ್ ಪಕ್ಷಿತಜ್ಞ ಇದಕ್ಕೆ ಹೆಸರಿಟ್ಟ, ಕೋಸ್ಟಾ ಅನ್ನುವ ಒಬ್ಬ ಸಿರಿವಂತ ಸಂಗ್ರಾಹಕನ ಗೌರವಕ್ಕೆ. ಮರಳುಗಾಡಿನ ಹಕ್ಕಿಗೆ ಯುರೋಪಿನ ಪ್ರಭುವಿನ ಹೆಸರು. ಇರಲಿ.

ಈ ಹಕ್ಕಿ ಸೊನೋರನ್, ಮೊಹಾವಿ ಮರಳುಗಾಡುಗಳಿಗೆ ಹೊಂದಿಕೊಂಡದ್ದು. ಚಳಿಗಾಲ ಮುಗಿಯುತ್ತಾ ಬರುವಾಗ, ಫೆಬ್ರವರಿ-ಮಾರ್ಚಿನಲ್ಲಿ, ಇಲ್ಲಿ ಗೂಡು ಕಟ್ಟುತ್ತೆ. ಬೇಸಿಗೆ ಕಾಯತೊಡಗಿದಾಗ ಬಹಳಷ್ಟು ಹಕ್ಕಿಗಳು ಪಶ್ಚಿಮಕ್ಕೆ, ಕ್ಯಾಲಿಫೋರ್ನಿಯಾದ ಕರಾವಳಿ ಕುರುಚಲಿಗೆ ಹೋಗಿಬಿಡುತ್ತವೆ. ಊರಿನ ತೋಟಗಳಲ್ಲಿ ಕೆಲವು ವರ್ಷವಿಡೀ ಉಳಿಯುತ್ತವೆ. ಗಂಡು ಹೆಣ್ಣನ್ನು ಒಲಿಸಲು ಎತ್ತರದಿಂದ ಧುಮುಕುವಾಗ ಬಾಲದ ಗರಿಗಳಿಂದ ಒಂದು ಸಿಳ್ಳೆ ಹೊರಡುತ್ತೆ. 2018ರಲ್ಲಿ ರಿವರ್‌ಸೈಡಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದರು. ಗಂಡು ಹೆಣ್ಣಿನ ನೇರಕ್ಕೆ ಧುಮುಕದೆ ಪಕ್ಕಕ್ಕೆ ಧುಮುಕಿ, ಬಾಲವನ್ನು ಅವಳ ಕಡೆ ತಿರುಚುತ್ತದಂತೆ. ರೈಲು ಹತ್ತಿರ ಬಂದು ದೂರ ಹೋಗುವಾಗ ಹಾರ್ನಿನ ಸ್ವರ ಬದಲಾಗುತ್ತಲ್ಲ, ಆ ಪರಿಣಾಮ ಕಡಿಮೆಯಾಗಿ, ತಾನೆಷ್ಟು ವೇಗದಲ್ಲಿದ್ದೀನಿ ಅನ್ನೋದು ಅವಳಿಗೆ ಸ್ವರದಿಂದ ಗೊತ್ತಾಗದ ಹಾಗೆ. ಮೂರು ಗ್ರಾಂ ತೂಕದ ಪ್ರಾಣಿಯ ಭೌತಶಾಸ್ತ್ರ ಇದು. ಇದಕ್ಕೆ ನಾವು ಕೊಡ್ತಿರೋದು ಕೆಂಪು ಸಕ್ಕರೆ ನೀರು.

ಕೆಂಪು ನೀರಿನ ವಿಚಾರಕ್ಕೇ ಬರ್ತೀನಿ. ಅಂಗಡಿಯಲ್ಲಿ "ಹಮ್ಮಿಂಗ್‌ಬರ್ಡ್ ನೆಕ್ಟರ್" ಅಂತ ಮಾರೋದು ಸಕ್ಕರೆ ಮತ್ತು ಕೃತಕ ಬಣ್ಣ. ಹೂವಿನೊಳಗಿನ ಮಕರಂದಕ್ಕೆ ಬಣ್ಣವೇ ಇರಲ್ಲ. ಹಕ್ಕಿಗೆ ಕೆಂಪು ಕಾಣಬೇಕಿರೋದು ಹೂವಿನಲ್ಲಿ, ಅಥವಾ ಫೀಡರಿನ ಮೂತಿಯಲ್ಲಿ. ಆ ಮೂತಿಯನ್ನು ಹೇಗೂ ಕೆಂಪಾಗಿಯೇ ಮಾಡಿರ್ತಾರೆ. ಮತ್ತೆ ನೀರಿಗೂ ಬಣ್ಣ ಯಾರಿಗಾಗಿ? ಅಂಗಡಿಯ ಶೆಲ್ಫಿನ ಮುಂದೆ ನಿಂತಿರುವ ನಿಮಗಾಗಿ. ತನ್ನ ತೂಕಕ್ಕೆ ಸಮನಾಗುವಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಸವನ್ನು ದಿನವೊಂದಕ್ಕೆ ಕುಡಿಯುವ ಪ್ರಾಣಿಯ ಹೊಟ್ಟೆಗೆ ಬೇಡದ ಬಣ್ಣ ಹಾಕೋದಕ್ಕೆ ಒಂದೇ ಒಂದು ಒಳ್ಳೆಯ ಕಾರಣ ಇದ್ದರೆ ಹೇಳಿ, ಮುಂದಿನ ಎಪಿಸೋಡಿನಲ್ಲಿ ಓದ್ತೀನಿ.

ನಮ್ಮವರದೇ ಆದ ಇನ್ನೊಂದು ಪ್ರಯೋಗ ಇದೆ. "ಬಿಳಿ ಸಕ್ಕರೆ ವಿಷ ಅಲ್ವಾ, ನಾವು ಬೆಲ್ಲದ ನೀರು ಇಡ್ತೀವಿ, ಜೇನುತುಪ್ಪ ಹಾಕ್ತೀವಿ." ದಯವಿಟ್ಟು ಬೇಡ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ನಮ್ಮ ರಕ್ತಕ್ಕೆ ಒಳ್ಳೇದು, ಹಮ್ಮಿಂಗ್‌ಬರ್ಡ್‌ಗೆ ಅಪಾಯ. ನೀರು ಬೆರೆಸಿದ ಜೇನಿನಲ್ಲಿ ಬೂಷ್ಟು ಬೇಗ ಹಿಡಿಯುತ್ತೆ. ನಾಲ್ಕು ಲೋಟ ನೀರಿಗೆ ಒಂದು ಲೋಟ ಸಾದಾ ಬಿಳಿ ಸಕ್ಕರೆ, ಅಷ್ಟೇ. ಕೋಸಂಬರಿಗೂ ಬೆಲ್ಲ ಹಾಕುವ ನಮ್ಮ ಆರೋಗ್ಯದ ಹುಚ್ಚನ್ನು ಹಕ್ಕಿಯ ಮೇಲೆ ಹೇರೋದು ಬೇಡ.

ಇನ್ನು ಬಿಸಿಲು. 2023ರಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ಶಾಖದಲ್ಲಿ ನೇತಾಡುವ ಸಕ್ಕರೆ ನೀರು ಒಂದೇ ದಿನದಲ್ಲಿ ಹುಳಿಯಾಗುತ್ತೆ. ದಿನ ಬಿಟ್ಟು ದಿನವಾದರೂ ತೊಳೆಯಬೇಕು. ನೀವು ತೊಳೀತೀರಾ? ಜೂನಿನಲ್ಲಿ ಮೂರು ವಾರ ಊರಿಗೆ ಹೋದಾಗ ಯಾರು ತೊಳೀತಾರೆ? ನಾನು ನೋಡಿದ ಫೀಡರುಗಳಲ್ಲಿ ಅರ್ಧಕ್ಕರ್ಧ ಒಳಗಡೆ ಕಪ್ಪು ಪಾಚಿ ಕಟ್ಟಿದಂಥವು. ಆ ಬಾಟಲಿಯಲ್ಲಿ ಹಕ್ಕಿ ಕುಡಿಯೋದನ್ನು ಸ್ಲೋ ಮೋಷನ್ನಲ್ಲಿ ರೀಲ್ಸ್ ಮಾಡಿ ಹಾಕಿರ್ತಾರೆ. ಹಿನ್ನೆಲೆಯಲ್ಲಿ ಕೊಳಲು.

ಫೀಡರ್ ಇಟ್ಟರೆ ಬರೋದಾದರೂ ಯಾರು? ದೊಡ್ಡಣ್ಣ ಆ್ಯನಾಸ್. ಇಪ್ಪತ್ತನೇ ಶತಮಾನದಲ್ಲಿ ಊರಿನ ತೋಟಗಳನ್ನೂ ಹೊರನಾಡಿನ ಹೂಗಿಡಗಳನ್ನೂ ಫೀಡರುಗಳನ್ನೂ ನೆಚ್ಚಿ ಕ್ಯಾಲಿಫೋರ್ನಿಯಾದಿಂದ ಉತ್ತರಕ್ಕೆ ಕೆನಡಾದವರೆಗೆ, ಪೂರ್ವಕ್ಕೆ ಅರಿಝೋನಾವರೆಗೆ ಹಬ್ಬಿದ ಹಕ್ಕಿ ಅದು. ಬೇರೆ ಊರಿಗೆ ಬಂದು ಚೆನ್ನಾಗಿ ಬೇರೂರಿದ್ದರಲ್ಲಿ ನಮಗೂ ಅದಕ್ಕೂ ಸಾಮ್ಯ ಇದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದೇ ಜಾಗದಲ್ಲಿ, ಒಂದೇ ಬಾಟಲಿಯಲ್ಲಿ ಎಲ್ಲ ರಸವೂ ಇದ್ದರೆ ಬಲಶಾಲಿ ಅದನ್ನು ಕಾಯ್ತಾ ಕೂರುತ್ತಾನೆ. 3 ಗ್ರಾಮಿನ ಕೋಸ್ಟಾಸನ್ನು ಅದಕ್ಕಿಂತ ದೊಡ್ಡದಾದ ಆ್ಯನಾಸ್ ಅಟ್ಟಿಸಿಕೊಂಡು ಓಡಿಸೋದನ್ನು ನೀವೇ ನೋಡಿರ್ತೀರಿ, "ಎಷ್ಟು ಕ್ಯೂಟ್, ಆಟ ಆಡ್ತಿವೆ" ಅಂದಿರ್ತೀರಿ. ಆಟ ಅಲ್ಲ ಸ್ವಾಮಿ ಅದು. ಅಂಗಳದ ತುಂಬ ಚದುರಿದ ನೂರಾರು ಹೂಗಳನ್ನು ಒಬ್ಬನೇ ಕಾಯಲಾಗದು. ಚಿಕ್ಕವನಿಗೆ ಜಾಗ ಸಿಗೋದು ಅಲ್ಲಿ.

ಈಗ ಹುಲ್ಲಿನ ವಿಷಯ. ಇಲ್ಲಿ ನನ್ನ ಧ್ವನಿ ಸ್ವಲ್ಪ ಏರುತ್ತೆ, ಸಹಿಸಿಕೊಳ್ಳಿ.

ಪ್ರತಿ ಅಕ್ಟೋಬರಿನಲ್ಲಿ ಫೀನಿಕ್ಸ್ ಸುತ್ತಮುತ್ತ ಒಂದು ವಿಚಿತ್ರ ಆಚರಣೆ ನಡೆಯುತ್ತೆ. ಬೇಸಿಗೆಯ ಬರ್ಮುಡಾ ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸಿ, ಅದರ ಮೇಲೆ ಚಳಿಗಾಲದ ರೈ ಹುಲ್ಲಿನ ಬೀಜ ಚೆಲ್ಲಿ, ಮೊಳಕೆ ಬರೋವರೆಗೆ ದಿನಕ್ಕೆ ಮೂರು ನಾಲ್ಕು ಸಲ ನೀರು ಹಾಯಿಸ್ತಾರೆ. ಯಾಕೆ? ಡಿಸೆಂಬರಿನಲ್ಲಿ ಹುಲ್ಲು ಹಳದಿಯಾಗಿ ಕಾಣಬಾರದು ಅಂತ. ಆ ನೀರು ಎಲ್ಲಿಂದ ಬರುತ್ತೆ? ಅದರಲ್ಲಿ ದೊಡ್ಡ ಪಾಲು ಕೊಲರಾಡೋ ನದಿಯದು, ಹವಾಸು ಸರೋವರದಿಂದ 336 ಮೈಲಿ ಉದ್ದದ ಕಾಲುವೆಯಲ್ಲಿ, ಪಂಪು ಮಾಡಿ ಮಾಡಿ ಮೇಲೆತ್ತಿ ತಂದದ್ದು. 2021ರ ಆಗಸ್ಟಿನಲ್ಲಿ ಆ ನದಿಗೆ ಮೊಟ್ಟಮೊದಲ ಬಾರಿಗೆ ಅಧಿಕೃತವಾಗಿ ನೀರಿನ ಕೊರತೆ ಘೋಷಿಸಿದರು. 2022ರಲ್ಲಿ ಅರಿಝೋನಾದ ಪಾಲಿನಲ್ಲಿ ಸುಮಾರು ಶೇ. 18 ಕಡಿತವಾಯಿತು. ರಾಜ್ಯದಲ್ಲಿ ಮನೆಬಳಕೆಯ ನೀರಿನಲ್ಲಿ ಶೇ. 70ರವರೆಗೂ ಹೊರಾಂಗಣಕ್ಕೇ ಹೋಗುತ್ತೆ ಅಂತ ಅರಿಝೋನಾದ ಜಲಸಂಪನ್ಮೂಲ ಇಲಾಖೆಯೇ ಹೇಳುತ್ತೆ. ಕುಡಿಯೋದಕ್ಕಲ್ಲ, ಅಡುಗೆಗಲ್ಲ.

ಬೆಂಗಳೂರಿನವರಿಗೆ ಇದು ಹೊಸ ಕತೆಯಾಗಬಾರದು. ನಮ್ಮ ಊರಿಗೂ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರ ಏರಿ ಬರ್ತಾಳೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಾಗ ಇಲ್ಲಿ ಕೂತ ನಾವೆಲ್ಲ ಫ್ಯಾಮಿಲಿ ಗ್ರೂಪಿನಲ್ಲಿ "ಸರಿಯಾದ ಕೆಲಸ" ಅಂತ ಹೆಬ್ಬೆಟ್ಟು ಒತ್ತಿದ್ದೆವು. ಒತ್ತುವಾಗ ಹಿಂದುಗಡೆ ಸ್ಪ್ರಿಂಕ್ಲರ್ ಚಿಮ್ಮುತ್ತಿತ್ತು, ಕೆಲವರ ಮನೆಯಲ್ಲಿ.

ಹುಲ್ಲಿನಲ್ಲಿ ಈ ಹಕ್ಕಿಗೆ ಒಂದು ಹನಿ ರಸ ಇಲ್ಲ. ದಿನಕ್ಕೆ ಸಾವಿರಕ್ಕೂ ಹೆಚ್ಚು ಹೂಗಳನ್ನು ಮುಟ್ಟಬೇಕಾದ ಹಕ್ಕಿಗೆ ನಿಮ್ಮ ಹಸಿರು ಹಾಸು ಪಾರ್ಕಿಂಗ್ ಲಾಟಿಗೆ ಸಮ. "ಹಾಗಾದ್ರೆ ನಾವು ಪ್ಲಾಸ್ಟಿಕ್ ಹುಲ್ಲು ಹಾಕಿಸಿದ್ವಿ, ನೀರೇ ಬೇಡ" ಅನ್ನುವವರಿಗೆ: ಜುಲೈ ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಿಂತು ಆಮೇಲೆ ಮಾತಾಡೋಣ.

ಕೆಲವು ಊರುಗಳು ಎಚ್ಚೆತ್ತಿವೆ. ನೆವಾಡಾ 2021ರಲ್ಲೇ ಕಾನೂನು ಮಾಡಿ, ಲಾಸ್ ವೇಗಾಸ್ ಸೀಮೆಯಲ್ಲಿ ಯಾರೂ ಕಾಲಿಡದ, ಬರೀ ನೋಟಕ್ಕಿರುವ ಹುಲ್ಲಿಗೆ 2026ರ ಕೊನೆಯ ಗಡುವು ಹಾಕಿತು (ಒಂಟಿ ಮನೆಗಳನ್ನು ಬಿಟ್ಟಿದ್ದಾರೆ). ಸ್ಕಾಟ್ಸ್‌ಡೇಲ್ 2023ರಲ್ಲಿ ಹೊಸ ಮನೆಗಳ ಮುಂದಿನ ಅಂಗಳದಲ್ಲಿ ನಿಜವಾದ ಹುಲ್ಲನ್ನು ನಿಷೇಧಿಸಿತು. ಹುಲ್ಲು ಕಿತ್ತರೆ ಹಣ ವಾಪಸ್ ಕೊಡುವ ನಗರಸಭೆಗಳೂ ಇವೆ. ನಿಮ್ಮ ನಗರದ ನೀರಿನ ಬಿಲ್ಲಿನ ಹಿಂಬದಿ ಓದಿ, ಇರಬಹುದು.

ಹುಲ್ಲು ತೆಗೆದು ಜಲ್ಲಿ ಹಾಕಿಸಿದ ಕೂಡಲೇ ಪುಣ್ಯ ಬಂತು ಅಂತಲೂ ಅಲ್ಲ. ಜಲ್ಲಿ, ಜಲ್ಲಿಯ ಮಧ್ಯೆ ಎರಡು ಕಣಗಿಲೆ, ಗೋಡೆಗೆ ಒಂದು ಬೋಗನ್‌ವಿಲ್ಲಾ. ಇದೇ ಫೀನಿಕ್ಸ್ ಶೈಲಿ. ಕಣಗಿಲೆ ಊರಿನ ನೆನಪು ತರುತ್ತೆ, ಒಪ್ಪಿದೆ. ಆದರೆ ಆ ಹೂವಿನಲ್ಲಿ ಮಕರಂದ ಇಲ್ಲ. ನೋಡೋಕೆ ಅಂದ, ಒಳಗೆ ಖಾಲಿ, ಕೀಟಗಳಿಗೇ ಟೋಪಿ ಹಾಕೋ ಹೂವು. ಅದರ ಜೊತೆ ವಾರಕ್ಕೊಮ್ಮೆ ಬರುವ ಲ್ಯಾಂಡ್‌ಸ್ಕೇಪ್ ಕಂಪನಿಯ ಹುಡುಗರು ಹೆಡ್ಜ್ ಟ್ರಿಮ್ಮರ್ ಹಿಡಿದು ಕಂಡಕಂಡ ಪೊದೆಯನ್ನೆಲ್ಲ ಉಂಡೆ ಮಾಡಿ ಹೋಗ್ತಾರೆ. ಹುಡುಗರ ತಪ್ಪಲ್ಲ, ನಾವು ಕೇಳೋದೇ ಅದನ್ನ. ಇಲ್ಲಿನ ಗಿಡಗಳಲ್ಲಿ ಎಷ್ಟೋ ಚಿಗುರಿನ ತುದಿಯಲ್ಲಿ ಹೂ ಬಿಡುವಂಥವು. ತುದಿ ಕತ್ತರಿಸಿದರೆ ಹೂವೆಲ್ಲಿ? ಹೂ ಬಿಡುವ ಗಿಡ ನೆಟ್ಟು, ದುಡ್ಡು ಕೊಟ್ಟು ಹೂ ಕತ್ತರಿಸಿ ಹಾಕಿಸಿ, ಆಮೇಲೆ ಅಂಗಡಿಯಿಂದ ಕೆಂಪು ನೀರು ತರೋದು. ಇದಕ್ಕೆ ಹುಚ್ಚು ಅಂತ ಬಿಟ್ಟು ಬೇರೆ ಪದ ನನಗೆ ಹೊಳೀತಿಲ್ಲ.

"ಎಚ್‌ಒಎ ಬಿಡಲ್ಲ ರೀ." ಇದು ಎಲ್ಲರ ಬ್ರಹ್ಮಾಸ್ತ್ರ. ನಮ್ಮ ಕಾಲೊನಿಯ ಎಚ್‌ಒಎ ನನಗೂ ನೋಟಿಸ್ ಕಳಿಸಿದೆ, "ಒಣಗಿದ ಪೊದೆ ತೆಗೆಯಿರಿ" ಅಂತ. ಪೊದೆ ಒಣಗಿರಲಿಲ್ಲ, ಬರಗಾಲಕ್ಕೆ ಎಲೆ ಉದುರಿಸಿಕೊಂಡು ಕಡ್ಡಿಯಾಗಿ ನಿಲ್ಲೋದು ಅದರ ಗುಣ. ರಾಜ್ಯದ ಜಲಸಂಪನ್ಮೂಲ ಇಲಾಖೆ ಕಡಿಮೆ ನೀರು ಬೇಡುವ ಗಿಡಗಳದೊಂದು ಪಟ್ಟಿ ಪ್ರಕಟಿಸುತ್ತೆ. ಅದರ ಆ ಪುಟ ಪ್ರಿಂಟ್ ತೆಗೆದು, ನನ್ನ ಗಿಡದ ಹೆಸರಿಗೆ ಗುರುತು ಹಾಕಿ, ಒಂದು ವಿನಯದ ಪತ್ರದ ಜೊತೆ ಕಳಿಸಿದೆ. ಎರಡನೇ ನೋಟಿಸ್ ಬರಲಿಲ್ಲ. ವೀಸಾ ಅರ್ಜಿಗೆ ಮುನ್ನೂರು ಪುಟ ದಾಖಲೆ ಜೋಡಿಸೋಕೆ ಬರುವ ಜನ ನಾವು. ಒಂದು ಪೊದೆಗೆ ಎರಡು ಪುಟ ಬರೆಯೋಕೆ ಕೈ ನಡುಗುತ್ತಾ?

ಇನ್ನೊಂದು ಮಾತು ಯಾರೂ ಬರೆದು ಕಳಿಸಲ್ಲ, ಪಾಟ್‌ಲಕ್ಕಿನಲ್ಲಿ ತಟ್ಟೆ ಹಿಡ್ಕೊಂಡು ಮೆಲ್ಲಗೆ ಹೇಳ್ತಾರೆ. "ಇದು ನಮ್ಮ ಊರಾ? ಎಷ್ಟು ದಿನ ಇರ್ತೀವೋ ಏನೋ. ನಮಗ್ಯಾಕೆ ಈ ಗಿಡದ ಉಸಾಬರಿ." ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ಹದಿನೈದು ವರ್ಷದಿಂದ ನಿಂತವರು ಹೀಗಂದಾಗ ನನಗೆ ನಗು ಬರಲ್ಲ. ಕೆಲಸ ಹೋದರೆ ಅರವತ್ತು ದಿನ ಅನ್ನೋ ಲೆಕ್ಕದಲ್ಲಿ ಬದುಕುವವರಿಗೆ ಬೇರು ಬಿಡಿ ಅಂತ ಉಪದೇಶ ಮಾಡೋದು ಸುಲಭ. ಆದರೂ ಒಂದು ಕೇಳ್ತೀನಿ. ಇರೋದೇ ಗ್ಯಾರಂಟಿ ಇಲ್ಲದ ಊರಿನಲ್ಲಿ ಕರಿಬೇವಿನ ಗಿಡಕ್ಕೆ ನೆರಳು ಪರದೆ ಕಟ್ಟಿ, ಡಿಸೆಂಬರ್ ರಾತ್ರಿ ಬೆಡ್‌ಶೀಟ್ ಹೊದಿಸಿ, ಮಗುವಿನ ಥರ ಸಾಕ್ತೀರಲ್ಲ, ಅದು ಯಾವ ಲೆಕ್ಕ? ಹುಲ್ಲಿಗೆ ಹನ್ನೆರಡು ವರ್ಷದಿಂದ ನೀರು ಹಾಕ್ತಿದ್ದೀರಲ್ಲ, ಆಗ "ನಮ್ಮ ಊರಾ" ಅನ್ನೋ ಪ್ರಶ್ನೆ ಎಲ್ಲಿತ್ತು? ಕರಿಬೇವು ಇರಲಿ, ಮಲ್ಲಿಗೆ ಇರಲಿ, ಅವನ್ನು ಕೀಳಿ ಅಂತ ನಾನು ಹೇಳಲ್ಲ. ಅವುಗಳ ಪಕ್ಕ ಈ ನೆಲದ್ದೂ ನಾಲ್ಕು ಇರಲಿ.

ಆ ನಾಲ್ಕರಲ್ಲಿ ಮೊದಲನೆಯದು ಚೂಪರೋಸಾ. ಸ್ಪ್ಯಾನಿಷ್ ಮಾತು, ಹೂ ಹೀರುವುದು ಅಂತ ಅರ್ಥ, ಮೆಕ್ಸಿಕೋದಲ್ಲಿ ಹಮ್ಮಿಂಗ್‌ಬರ್ಡ್‌ಗೇ ಆ ಹೆಸರಿದೆ. ಶಾಸ್ತ್ರೀಯ ಹೆಸರು ಜಸ್ಟೀಸಿಯಾ ಕ್ಯಾಲಿಫೋರ್ನಿಕಾ. ಜಸ್ಟೀಸಿಯಾ ಅಂದ ತಕ್ಷಣ ಊರಿನ ಬೇಲಿ ನೆನಪಾಗಬೇಕು: ಕೆಮ್ಮಿಗೆ ಅಜ್ಜಿ ಕಷಾಯ ಮಾಡ್ತಿದ್ದ ಆಡುಸೋಗೆ ಇದೇ ಕುಲದ್ದು, ಜಸ್ಟೀಸಿಯಾ ಅಡಾಟೋಡಾ. ಕನಕಾಂಬರವೂ ಇದೇ ಕುಟುಂಬ. ನೀವು ಮೆಟ್ಟಿಲೇರಿ ಬಂದ ಪರದೇಶದಲ್ಲಿ ಆಡುಸೋಗೆಯ ತಂಗಿಯೊಬ್ಬಳು ಕೆಂಪು ಕೊಳವೆ ಹೂ ಮುಡಿದು ನಿಂತಿದ್ದಾಳೆ, ನೀವು ಮಾತಾಡಿಸದೆ ಹೋಗ್ತಿದ್ದೀರಿ. ಶರತ್ಕಾಲದಿಂದ ವಸಂತದವರೆಗೆ ಇದು ಹೂ ಬಿಡುತ್ತೆ, ಅಂದ್ರೆ ಕೋಸ್ಟಾಸ್ ಇಲ್ಲಿ ಇರುವ, ಗೂಡು ಕಟ್ಟುವ ತಿಂಗಳುಗಳಲ್ಲೇ. ಗಟ್ಟಿ ಹಿಮ ಬಿದ್ದರೆ ಸುಡುತ್ತೆ, ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತೆ. ದಕ್ಷಿಣದ ಗೋಡೆಗೆ ಒತ್ತಿ ನೆಟ್ಟರೆ ಆ ಭಯವೂ ಕಡಿಮೆ.

ಅದರ ಜೊತೆಗೆ ಪ್ಯಾರಿಸ್ ಪೆನ್‌ಸ್ಟೆಮನ್, ಫೆಬ್ರವರಿ-ಮಾರ್ಚಿಗೆ ಗುಲಾಬಿ ಗಂಟೆಗಳ ಕಂಬ. ಜಾಗ ಇದ್ದರೆ ಒಕೊಟಿಯೊ: ಮುಳ್ಳುಕೋಲುಗಳ ಕಂತೆ, ಮಾರ್ಚಿನಿಂದ ತುದಿಯಲ್ಲಿ ಬೆಂಕಿ ಹಚ್ಚಿದ ಹಾಗೆ ಹೂ. ಡೆಸರ್ಟ್ ಲ್ಯಾವೆಂಡರಿನ ಹೂ ಸಣ್ಣದು, ನೀಲಿ-ನೇರಳೆ, ಕೆಂಪೇ ಬೇಕು ಅನ್ನೋ ನಂಬಿಕೆಯನ್ನು ಕೋಸ್ಟಾಸ್ ಅಲ್ಲೇ ಮುರಿಯುತ್ತೆ. ಬಾಹಾ ಫೇರಿ ಡಸ್ಟರ್ ತಂಪು ಬಿಸಿಲು ಎರಡರಲ್ಲೂ ಸ್ವಲ್ಪ ಸ್ವಲ್ಪ ಕೆಂಪು ಕುಚ್ಚು ಕೊಡ್ತಾ ಇರುತ್ತೆ. ದೊಡ್ಡ ಅಂಗಡಿಗಳಲ್ಲಿ ಇವು ಸಿಗೋದು ಅಪರೂಪ. ಫೀನಿಕ್ಸಿನ ಡೆಸರ್ಟ್ ಬೊಟಾನಿಕಲ್ ಗಾರ್ಡನ್ ವಸಂತದಲ್ಲೂ ಶರತ್ಕಾಲದಲ್ಲೂ ಗಿಡಗಳ ಮಾರಾಟ ಇಡುತ್ತೆ, ಅಲ್ಲಿ ಸಿಗುತ್ತವೆ. ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ದೊಡ್ಡ ಕುಂಡದಲ್ಲಿ ಚೂಪರೋಸಾ ಒಂದನ್ನೇ ಇಡಬಹುದು. ಅದೂ ಆಗದಿದ್ದರೆ ಫೀಡರ್ ಸರಿ: ಬಣ್ಣ ಇಲ್ಲದ್ದು, ತೊಳೆದದ್ದು.

ಕೀಟನಾಶಕ ಹೊಡೆಯೋದನ್ನು ನಿಲ್ಲಿಸದಿದ್ದರೆ ಇದೆಲ್ಲ ಮಾಡಿಯೂ ಉಪಯೋಗ ಇಲ್ಲ. ತಿಂಗಳಿಗೊಮ್ಮೆ ಚೇಳಿನ ಹೆದರಿಕೆಗೆ ಮನೆ ಸುತ್ತ ಸ್ಪ್ರೇ ಮಾಡಿಸ್ತೀರಲ್ಲ, ಅದರಲ್ಲಿ ಸಾಯೋದು ಈ ಹಕ್ಕಿಯ ಊಟ. ರಸ ಬರೀ ಇಂಧನ; ಮರಿಗೆ ಮೈ ಕಟ್ಟೋಕೆ ಚಿಕ್ಕ ನೊಣ, ಜೇಡ ಬೇಕು. ಗೂಡಿಗೂ ಜೇಡರ ಬಲೆಯೇ ಅಂಟು. ಹೆಣ್ಣು ಒಬ್ಬಳೇ ಕಟ್ಟುತ್ತಾಳೆ, ಎರಡು ಮೊಟ್ಟೆ ಇಟ್ಟು ಒಬ್ಬಳೇ ಕಾವು ಕೂರುತ್ತಾಳೆ. ಸಿಳ್ಳೆ ಹೊಡೆದ ಮೀಸೆಯವನು ಆ ಕಡೆ ತಲೆ ಹಾಕಲ್ಲ. ಹೊರಗಿನ ದೀಪದ ಹಿಂದಿನ ಬಲೆಯನ್ನು ದೀಪಾವಳಿಗೆ ಗುಡಿಸಿ, ಪರವಾಗಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಬಿಟ್ಟುಬಿಡಿ.

ನೆಡೋಕೆ ಒಳ್ಳೆ ಕಾಲ ಅಕ್ಟೋಬರ್, ನವೆಂಬರ್. ಮೇ ತಿಂಗಳಲ್ಲಿ ನೆಟ್ಟು ಗಿಡ ಸತ್ತರೆ ನನಗೆ ಬೈಯಬೇಡಿ. ಕುಂಡದ ಎರಡರಷ್ಟು ಅಗಲ ಗುಂಡಿ, ಗೊಬ್ಬರ ಬೇಡ, ಮೇಲೆ ಜಲ್ಲಿ. ಮೊದಲ ವರ್ಷ ನೀರು ಬೇಕು, ಆಮೇಲೆ ಬೇಸಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಆಳವಾಗಿ ಕೊಟ್ಟರಾಯಿತು. ಕತ್ತರಿಸಬೇಕಾದರೆ ಹೂ ಮುಗಿದ ಮೇಲೆ, ಮೇ ಕೊನೆಗೆ, ಕೈಕತ್ತರಿಯಲ್ಲಿ. ಅದಕ್ಕೂ ಮೊದಲು ಪೊದೆಯೊಳಗೆ ಬಗ್ಗಿ ನೋಡಿ: ಅರ್ಧ ಅಡಿಕೆಯಷ್ಟು ಬಟ್ಟಲು ಕಂಡರೆ ಅದು ಗೂಡು, 1918ರ ವಲಸೆ ಹಕ್ಕಿಗಳ ಕಾನೂನಿನ ಪ್ರಕಾರ ಮೊಟ್ಟೆ ಮರಿ ಇರುವ ಆ ಗೂಡನ್ನು ತೆಗೆಯೋದು ಅಪರಾಧ. ಟ್ರಿಮ್ಮರ್ ಹಿಡಿದು ಬರುವ ಹುಡುಗರಿಗೆ ಆ ಮೂರು ತಿಂಗಳು ಗೇಟಿನಿಂದಲೇ ಚಹಾ ಕೊಟ್ಟು ಕಳಿಸಿ.